ಯೆಜ್ಡಿ ಬ್ಲಾಕು ಮತ್ತು ಘನಫಲದ ಪಾಠ

ಮೈಸೂರಿನಲ್ಲಿ ಯೆಜ್ಡಿ ತಯಾರಿಕೆ ನಿಂತಿದ್ದು 1996ರಲ್ಲಿ. ಅಪ್ಪನ ಯೆಜ್ಡಿಯ ಎಂಜಿನ್ ದಸರಾ ರಜೆಯಿಂದ ನಮ್ಮ ಜಗಲಿಯ ಮೇಲೆ ಬಿಚ್ಚಿ ಹರಡಿದೆ. ಬೋಧನಾಭ್ಯಾಸಕ್ಕೆ ಹತ್ತನೆಯ ತರಗತಿಯ ಘನಫಲದ ಪಾಠ ಬಂದಾಗ ರಟ್ಟಿನ ಸಿಲಿಂಡರ್ ಬಿಟ್ಟು ಅದರ ಬ್ಲಾಕನ್ನೇ ಒಯ್ದೆ. (ಸೀಮೆಎಣ್ಣೆ ವಾಸನೆಗೆ ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಂಡರು.) ಹೊಸದರಲ್ಲಿ ಅದರ ಒಳವ್ಯಾಸ 65 ಮಿ.ಮೀ.; ಪಿಸ್ಟನ್ ಓಡುವ ದೂರ 75 ಮಿ.ಮೀ. ಮಕ್ಕಳು ಸೂತ್ರ ಹಾಕಿ ಸುಮಾರು 249 ಘನ ಸೆಂ.ಮೀ. ತಂದರು. ಒಳಗೋಡೆ ಸವೆದಿದೆ, ಬೋರ್ ಮಾಡಿಸಿ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಬೇಕು ಎಂದೆ. ಹಿಂದಿನ ಬೆಂಚಿನ ಹುಡುಗಿ ಯಾರೂ ಹೇಳದೆಯೇ ಲೆಕ್ಕ ಶುರು ಮಾಡಿದ್ದಳು. “ಸರ್, ಆಮೇಲೆ ಅದು 253 ಆಗುತ್ತಲ್ಲ, 250 ಗಾಡಿ ಅಂತ ಹೇಗೆ ಅನ್ನೋದು?” ಅಷ್ಟರಲ್ಲಿ ಗಂಟೆ ಬಾರಿಸಿತು. ಪಾಠಯೋಜನೆಯ ಮೌಲ್ಯಮಾಪನದ ಕಾಲಂ ಖಾಲಿ ಬಿಡಲು ವೀಕ್ಷಕರು ಒಪ್ಪಲಿಲ್ಲ. ಅವಳ ಪ್ರಶ್ನೆಯನ್ನೇ ಬರೆದು ಕೊಟ್ಟೆ.