ಹಿಮದೂರಿಗೊಂದು ಸೈಕಲ್ಲು

ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದಲ್ಲೂ ಸೈಕಲ್ಲಲ್ಲೇ ಆಫೀಸಿಗೆ ಹೋಗ್ತೀನಿ ಅಂದಾಗ ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು, "ಯಾಕಪ್ಪಾ, ಸಂಬಳ ಸಾಲ್ತಿಲ್ವಾ?" :-)

ಸಂಬಳದ ಪ್ರಶ್ನೆ ಅಲ್ಲ. ಮನೇಲಿರೋದು ಒಂದೇ ಕಾರು. ಹೆಂಡತಿಯ ಕೆಲಸ ಊರಾಚೆ, ಅಲ್ಲಿಗೆ ಬಸ್ಸಿಲ್ಲ. ನನ್ನ ಆಫೀಸಿಗೆ ಎಂಟು ಕಿಲೋಮೀಟರ್. ಹೆಚ್ಚಿನ ದಾರಿ ಮಿಡ್‌ಟೌನ್ ಗ್ರೀನ್‌ವೇ, ಅಂದರೆ ಹಳೇ ರೈಲು ಹಳಿಯ ಜಾಗದಲ್ಲಿ ಮಾಡಿರೋ ಸೈಕಲ್ ದಾರಿ. ಹಿಮ ಬಿದ್ದರೆ ಅದನ್ನೂ ತೆಗೀತಾರೆ.

ಭಯ ಇದ್ದದ್ದು ಕೊನೆಯ ಒಂದು ಕಿಲೋಮೀಟರಿನದು. ಅಲ್ಲಿ ಬಸ್ಸು, ಲಾರಿಗಳ ಪಕ್ಕದಲ್ಲೇ ಹೋಗಬೇಕು. ಹೊಸ ಹಿಮಕ್ಕಿಂತ ಹೆಚ್ಚು ಅಪಾಯ, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಐಸು. ಡಾಂಬರಿನ ಮೇಲೆ ಅದು ಕಾಣೋದೇ ಇಲ್ಲ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲಕ್ಕೇ. ನಾನು ಆಸ್ಪತ್ರೆ ಸೇರಿದರೆ ಇಲ್ಲಿ ನೋಡ್ಕೊಳ್ಳೋಕೆ ಇರೋದು ಅವಳೊಬ್ಬಳೇ.

ಹಾಗಾಗಿ ಮೊದಲ ಖರ್ಚು ಮೊಳೆ ಟೈರಿಗೆ. ಫಿನ್ಲೆಂಡ್ ಮೂಲದ ಹಕ್ಕಪೆಲಿಟ್ಟ ಡಬ್ಲ್ಯೂ೧೦೬ ಟೈರಲ್ಲಿ ೧೦೬ ಮೊಳೆ ಇವೆ. ಟಂಗ್‌ಸ್ಟನ್ ಕಾರ್ಬೈಡಿನವು, ಬರೀ ಡಾಂಬರಿನ ಮೇಲೂ ಬೇಗ ಸವೆಯಲ್ಲ. ಒಂದೇ ಟೈರಿಗೆ ದುಡ್ಡಿದ್ದರೆ ಅದು ಮುಂದಿನ ಚಕ್ರಕ್ಕೆ ಇರಲಿ. ಗಾಳಿಯನ್ನೂ ನೋಡ್ತಿರಿ. ಬೆಚ್ಚಗಿನ ಮನೆಯೊಳಗೆ ೨೦ ಡಿಗ್ರಿಯಲ್ಲಿ ೬೦ ಪಿಎಸ್‌ಐ ತುಂಬಿದರೆ, ಹೊರಗೆ ಮೈನಸ್ ೧೫ರಲ್ಲಿ ಅದು ಸುಮಾರು ೫೧ಕ್ಕೆ ಇಳಿದಿರುತ್ತೆ. ಪಿಯುಸಿ ಫಿಸಿಕ್ಸು ಕೊನೆಗೂ ಕೆಲಸಕ್ಕೆ ಬಂತು!

ಎರಡನೇ ಶತ್ರು ಉಪ್ಪು. ಐಸು ಕರಗಲಿ ಅಂತ ರಸ್ತೆಗೆ ಸುರಿಯೋ ಉಪ್ಪು ಚೈನನ್ನು ತಿಂದುಹಾಕುತ್ತೆ. ಹೊರಗೆ ನೇತಾಡೋ ಡಿರೇಲರ್ ಗೇರುಗಳೊಳಗೆ ಹಿಮ, ಮರಳು ಸೇರಿ ಗಟ್ಟಿಯಾಗುತ್ತೆ. ಅದಕ್ಕೇ ಹಿಂದಿನ ಚಕ್ರದ ಹಬ್ಬಿನೊಳಗೇ ಗೇರು ಇರೋ ಶಿಮಾನೋ ನೆಕ್ಸಸ್‌ನ ಸೆಕೆಂಡ್‌ಹ್ಯಾಂಡ್ ಸೈಕಲ್ ಹುಡುಕಿದೆ. ಚೈನು ಅತ್ತಿತ್ತ ಸರಿಯಲ್ಲ, ಆದ್ದರಿಂದ ಪೂರ್ತಿ ಚೈನ್ ಕವರ್ ಹಾಕಬಹುದು. ಬ್ರೇಕು ಡಿಸ್ಕ್ ಇಲ್ಲಾ ಡ್ರಮ್ ಇದ್ದರೆ ಒಳ್ಳೇದು. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಹಿಡಿಯೋಕೆ ತಡ ಆಗುತ್ತೆ.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗ್ತಾನೆ. ಚಳಿಗೆ ಬ್ಯಾಟರಿ ಬೇಗ ಸೋಲುತ್ತೆ, ಅದಕ್ಕೆ ಮುಂದಿನ ಹಬ್ಬಲ್ಲಿ ಡೈನಮೋ. ಎರಡೂ ಚಕ್ರಕ್ಕೆ ಉದ್ದನೆಯ ಮಡ್‌ಗಾರ್ಡು. ಹ್ಯಾಂಡಲ್ಲಿಗೆ ಕೈ ತೂರಿಸೋ ದಪ್ಪ ಚೀಲ. ಮೈನಸ್ ೨೦ರಲ್ಲಿ ಬರೀ ಗ್ಲೌಸು ಸಾಲಲ್ಲ, ಬೆರಳು ಮರಗಟ್ಟಿದರೆ ಬ್ರೇಕ್ ಒತ್ತೋಕಾಗಲ್ಲ.

ಎಲ್ಲಾ ಜೋಡಿಸಿ ಫೋಟೋ ಕಳಿಸಿದೆ. ಪೂರ್ತಿ ಚೈನ್ ಕವರ್, ಡೈನಮೋ, ಅಗಲ ಮಡ್‌ಗಾರ್ಡು, ನೆಟ್ಟಗೆ ಕೂರೋ ಹ್ಯಾಂಡಲ್ಲು. ಅಪ್ಪ ನೋಡಿ, "ಇದು ನನ್ನ ಅಟ್ಲಾಸೇ ಅಲ್ವೇನೋ? ಅಷ್ಟು ದೂರ ಹೋಗಿ ಇದನ್ನೇ ತಗೊಂಡ್ಯಾ?" ಅಂದರು. ಅಮ್ಮ ಮಾತ್ರ ಈಗಲೂ ದಿನಾ ಫೋನ್ ಮಾಡಿ ಆಫೀಸು ತಲುಪಿದ್ಯಾ ಅಂತ ಕೇಳ್ತಾಳೆ. ಅದಕ್ಕೆ ಯಾವ ಮೊಳೆ ಟೈರೂ ಇಲ್ಲ.