ಶುಕ್ರವಾರದ ಆರತಿ ಮತ್ತ ನಮ್ಮಕ್ಕ

ಶ್ರಾವಣ ಹತ್ರ ಬಂತು. ಮೊನ್ನೆ ಪ್ಯಾಟಿಗೆ ಹೋಗಿ ಜೀವಂತಿ ಪಟ ತಂದೆ. ಅದನ್ನ ನೋಡಿಕೋತ ಕೂತಾಗ ಬಾಳ ವರ್ಷದಿಂದ ಹೊಟ್ಯಾಗಿದ್ದ ಮಾತೊಂದು ಮ್ಯಾಲೆ ಬಂತು. ನಿಮ್ಮ ಮುಂದ ಹೇಳಿಬಿಡತೇನಿ. ಬೈಯೋದಿದ್ರ ಪೂರ್ತಿ ಓದಿ ಬೈರಿ.

ಸಣ್ಣಾಕಿ ಇದ್ದಾಗ ನನ್ನಷ್ಟು ದೇವರ ಹುಚ್ಚು ಮನ್ಯಾಗ ಯಾರಿಗೂ ಇರಲಿಲ್ಲ. ಏಕಾದಶಿ ದಿನ ಹಟ ಮಾಡಿ ಉಪವಾಸ ಇರತಿದ್ದೆ. ಚಾತುರ್ಮಾಸದಾಗ ನಮ್ಮವ್ವ ಮೊದಲನೇ ತಿಂಗಳು ಕಾಯಿಪಲ್ಯ, ಎರಡನೇ ತಿಂಗಳು ಮಸರು, ಮೂರನೇದಕ್ಕ ಹಾಲು, ಕಡೀಕೆ ಬ್ಯಾಳಿ ಬಿಡತಿದ್ಲು. ಆಕಿ ಬ್ಯಾಡ ಅಂದ್ರೂ ನಾನೂ ಬಿಡತಿದ್ದೆ. ದೇವರು ಕಟ್ಟಿ ಮ್ಯಾಲೆ ಕೂತು ಎಲ್ಲಾ ಲೆಕ್ಕ ಬರಕೋತಾನ ಅಂತ ನನ್ನ ಖಾತ್ರಿ.

ನನ್ನ ಅಕ್ಕ ನನಗಿಂತ ಆರು ವರ್ಷಕ್ಕ ದೊಡ್ಡಾಕಿ. ಆಕೀಗೆ ಮೂವತ್ತೈದು ಇದ್ದಾಗ ಭಾವನವರು ಹೋದ್ರು. ಎರಡು ಸಣ್ಣ ಮಕ್ಕಳು. ಮುಂದಿನ ಶ್ರಾವಣದಾಗ ಆಕಿ ನಮ್ಮನ್ಯಾಗಿದ್ಲು. ಶುಕ್ರವಾರ ಮುಂಜಾನೆ ಐದಕ್ಕೇ ಎದ್ದು ನನ್ನ ಜೋಡಿ ಹೂರಣ ರುಬ್ಬಿದ್ಲು, ನಲವತ್ತು ಹೋಳಿಗಿ ಬೇಯಿಸಿದ್ಲು. ಸಂಜಿಮುಂದ ಮುತ್ತೈದೇರು ಬರೋ ಹೊತ್ತಿಗೆ ನಮ್ಮತ್ತಿ ನನ್ನ ಕರದು, "ನಿಮ್ಮಕ್ಕಗ ಒಳಗಿನ ಖೋಲ್ಯಾಗ ಕೂಡು ಅಂತ ಹೇಳು" ಅಂದ್ರು. ನಾನ ಹೋಗಿ ಹೇಳಿದೆ. ಅಕ್ಕ ಒಂದು ಮಾತೂ ಆಡಲಿಲ್ಲ. ಸೆರಗಿಗೆ ಕೈ ಒರಸಿಕೊಂಡು ಒಳಗ ಹೋದ್ಲು. ಬಾಗಲಾ ನಾನ ಮುಂದ ಮಾಡಿದೆ.

ನನ್ನ ಮಗಳಿಗೆ ಆಗ ಐದು ವರ್ಷ. ಆರತಿ ಮಾಡಿಸಿಕೋತ ಕೇಳಿದ್ಲು, "ಮೌಶಿ ಯಾಕ ಒಳಗ ಕೂತಾಳ?" "ದೇವರಿಗೆ ನಡ್ಯಂಗಿಲ್ಲವಾ" ಅಂದೆ. ಅಂದಾಕಿನ ಆರತಿ ತಾಟು ಹಿಡಕೊಂಡು ಹಂಗ ನಿಂತೆ. ಜೀವಂತಿ ಪೂಜಾ ಮಾಡೋದು ಮಕ್ಕಳ ಆಯುಷ್ಯಕ್ಕ. ದೂರ ಇದ್ದ ಮಕ್ಕಳಿಗಂತ ನಾಲ್ಕೂ ದಿಕ್ಕಿಗೆ ಅಕ್ಷತಿ ಹಾಕತೇವಿ. ತಂದಿ ಇಲ್ಲದ ಎರಡು ಮಕ್ಕಳ ತಾಯಿ ಒಳಗ ಕತ್ತಲಿ ಖೋಲ್ಯಾಗ ಕೂತಾಳ, ಆ ದೇವಿಗೆ ಆಕಿನ್ನ ನೋಡಲಿಕ್ಕೆ ಆಗಂಗಿಲ್ಲಂದ್ರ, ಆಕಿ ಎಂಥಾ ತಾಯಿ?

ಆಮ್ಯಾಲೆ ಒಮ್ಮೆ ಪ್ರವಚನಕ್ಕ ಬಂದಿದ್ದ ಆಚಾರ್ಯರನ್ನ ಕೇಳಿದೆ. "ಪೂರ್ವಜನ್ಮದ ಕರ್ಮ ತಂಗಿ, ಶಾಸ್ತ್ರ ಹಂಗದ" ಅಂದ್ರು. ಪಿಯುಸಿ ಒಳಗ ವಿಧವಾ ವಿವಾಹದ ಕಾಯ್ದೆ ಬಂದದ್ದು 1856ರಾಗ ಅಂತ ಬಾಯಿಪಾಠ ಮಾಡಿ ಪಾಸಾದಾಕಿ ನಾನು. ಸರಕಾರ ಅಷ್ಟು ಹಿಂದ ಮದವಿ ಮಾಡಿಕೊಳ್ಳಲಿಕ್ಕೂ ಹಾದಿ ಬಿಟ್ಟದ, ನಮ್ಮನ್ಯಾಗ ಒಂದು ಬಟ್ಟು ಕುಂಕುಮಕ್ಕ ಹಾದಿ ಇಲ್ಲ.

ನನ್ನ ನಂಬಿಕಿ ಒಂದ ದಿನದಾಗ ಹೋಗಲಿಲ್ಲ. ಏಕಾದಶಿ ಬಿಟ್ಟೆ, ಯಾರಿಗೂ ಹೇಳಲಿಲ್ಲ. ಪ್ರವಚನಕ್ಕ ಮೊಣಕಾಲು ಬ್ಯಾನಿ ಅಂತ ನೆವ ಹೇಳಿದೆ. ಒಂದು ದಿನ ದೀಪ ಹಚ್ಚಿ ಕೈ ಮುಗದಾಗ, ಆ ಕಡೆ ಯಾರೂ ಇಲ್ಲ ಅನಿಸಿತು. ಅಂಜಿಕಿ ಬರಲಿಲ್ಲ, ಅಳು ಬಂತು. ಸಣ್ಣಂದಿನಿಂದ ಮಾತಾಡಿಸಿದವರು ಊರು ಬಿಟ್ಟು ಹೋದಂಗ ಆತು. ದೀಪ ಈಗೂ ಹಚ್ಚತೇನಿ. ಹಚ್ಚದಿದ್ರ ಮನಿ ಭಣಭಣ ಅನಸ್ತದ.

ಅತ್ತಿಯವರು ಹೋದ ಮ್ಯಾಲೆ ಹಬ್ಬ ನನ್ನ ಕೈಯಾಗ ಬಂತು. ಹ್ವಾದ ವರ್ಷ ಅಕ್ಕನ್ನ ಕರಸಿ, ಎಲ್ಲಾರಿಗಿಂತ ಮೊದಲ ಮಣಿ ಮ್ಯಾಲೆ ಕೂಡಿಸಿ, ಕುಂಕುಮದ ಬಟ್ಟಲಾ ಹಿಡದೆ. ಆಕಿ ನನ್ನ ಕೈ ಹಿಡದು ಹಿಂದ ಸರಿಸಿದ್ಲು. "ಬ್ಯಾಡವಾ, ನಿನ್ನ ಮನಿಗೆ ಏನರೆ ಆದ್ರ ನನಗ ತಡಕೊಳ್ಳಲಿಕ್ಕೆ ಆಗಂಗಿಲ್ಲ" ಅಂದ್ಲು.

ನನ್ನ ದೇವರು ಹೋಗ್ಯಾನ. ಆಕೀ ದೇವರು ಆಕೀನ್ನ ಇಪ್ಪತ್ತೇಳು ವರ್ಷ ಒಳಗ ಕೂಡಿಸಿದ್ರೂ ಅವನ್ನ ಬಿಟ್ಟು ಬದುಕಲಿಕ್ಕೆ ಆಕೀಗೆ ಬರಂಗಿಲ್ಲ. ಅದನ್ನ ಕಸಗೊಳ್ಳಲಿಕ್ಕೆ ನಾ ಯಾರು? ಕುಂಕುಮ ಕೆಳಗಿಟ್ಟೆ. ಆಕಿ ಮುಡಿಗೆ ಒಂದೆಳಿ ಮಲ್ಲಿಗಿ ಇಟ್ಟೆ, ತಗಿಲಿಲ್ಲ. ಅಕ್ಷತಿ ಬಟ್ಟಲಾ ಕೈಗೆ ಕೊಟ್ಟೆ. ಪುಣೆದಾಗಿರೋ ಮಗನ ಕಡೆ ಹೊಳ್ಳಿ ಒಂದು ಮುಷ್ಟಿ ಹಾಕಿದ್ಲು. ಕೈ ನಡಗತಿತ್ತು.

ಅವತ್ತು ಬಾಗಲಾ ಮುಂದ ಮಾಡಿದ್ದಕ್ಕ ನಾ ಇನ್ನೂ ಆಕೀ ಕಡೆ ಕ್ಷಮಾ ಕೇಳಿಲ್ಲ. ಇದನ್ನ ಓದಿ ಹೇಳೋಣ ಅಂತ ಮಾಡೇನಿ.

ಈ ಸಲ ಮೊದಲನೇ ಶುಕ್ರವಾರ ನಮ್ಮನಿಗೆ ಬರ್ರಿ. ಹೋಳಿಗಿ ಅಕ್ಕಂದ, ಹಾಲು ನಂದು. ಅಕ್ಕ ಪಡಸಾಲ್ಯಾಗ ಕೂತಿರತಾಳ. ಅದಕ್ಕ ಒಪ್ಪೋರೆಲ್ಲಾ ಬರ್ರಿ.