ಕೆಲವೆಡೆ ಮಳೆ, ರಾತ್ರಿ ನೆಲಹಿಮ

ಆಕಾಶವಾಣಿಯ ಪ್ರದೇಶ ಸಮಾಚಾರದ ಕೊನೆಗೆ ಬರುವ ಹವಾಮಾನ ವರದಿಯನ್ನು ನಮ್ಮ ಕಡೆ ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಆದರೆ ಕೇಳದೆ ಎದ್ದು ಹೋಗುವವರೂ ಇರಲಿಲ್ಲ. ‘ದಕ್ಷಿಣ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ’ ಎಂದೊಡನೆ, ‘ಆ ಕೆಲವೆಡೆಯಲ್ಲಿ ನಮ್ಮೂರು ಉಂಟೋ ಇಲ್ಲವೋ ಅದೊಂದು ಹೇಳಿಬಿಡಲಿ’ ಎಂದು ಯಾರಾದರೂ ನಗೆಯಾಡುತ್ತಿದ್ದರು. ಈ ‘ಕೆಲವೆಡೆ’ ಎಂಬ ಮಾತಿಗೂ ಒಂದು ಅಳತೆಯಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ, ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆಯಾದರೆ ‘ಒಂದೆರಡು ಕಡೆ’, ಕಾಲು ಭಾಗದಿಂದ ಅರ್ಧದವರೆಗೆ ‘ಕೆಲವೆಡೆ’, ಅರ್ಧದಿಂದ ಮುಕ್ಕಾಲರವರೆಗೆ ‘ಹಲವೆಡೆ’. ಊರಿನ ಹೆಸರು ಹೇಳಲಾಗದ ಕಡೆ ಅಂದಾಜನ್ನು ಪ್ರಾಮಾಣಿಕವಾಗಿ ಹೇಳುವ ಕ್ರಮ ಇದು.

ನಮ್ಮದು ಮೂಡಿಗೆರೆ ಸೀಮೆಯ ಸಣ್ಣ ಕಾಫಿ ತೋಟ. ಕಾಫಿಯವರಿಗೆ ಫೆಬ್ರವರಿ, ಮಾರ್ಚ್ ತಿಂಗಳ ಒಂದು ಮಳೆ ಎಂದರೆ ಇಡೀ ವರ್ಷದ ಬದುಕು. ಒಣಗಿ ನಿಂತ ಮೊಗ್ಗಿಗೆ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಮಳೆ ಬರಬೇಕು. ಬಾರದಿದ್ದರೆ, ಅನುಕೂಲವಿದ್ದವರು ಕೆರೆಯಿಂದ ಪಂಪು ಹಾಕಿ ಸ್ಪ್ರಿಂಕ್ಲರ್ ತಿರುಗಿಸುತ್ತಾರೆ. ಇಲ್ಲದವರು ಆಕಾಶ ನೋಡುತ್ತಾರೆ. ವಸಂತದ ಮಳೆ ಎಂದರೆ ಹೂವು ಎಂದೇ ತಿಳಿದು ಬೆಳೆದವನು ನಾನು. ಅದೇ ಮಳೆಯ ಬೆನ್ನಿಗೆ ಹೂವಿನ ಸಾವೂ ಬರಬಹುದೆಂದು ಕಂಡದ್ದು ಜರ್ಮನಿಯಲ್ಲಿ.

ಉದ್ಯೋಗದ ಮೇಲೆ ಕೆಲವು ವರ್ಷ ಆ ದೇಶದ ದಕ್ಷಿಣ ತುದಿಯಲ್ಲಿದ್ದೆ. ಬೋಡನ್‌ಸೇ ಎಂಬ ದೊಡ್ಡ ಸರೋವರವೊಂದು ಅಲ್ಲಿದೆ. ಅದರ ದಂಡೆಗಳನ್ನು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳು ಹಂಚಿಕೊಂಡಿವೆ. ಜರ್ಮನಿಯ ದಂಡೆಯುದ್ದಕ್ಕೂ ಸೇಬಿನ ತೋಟಗಳು. ನಾನು ಬಾಡಿಗೆಗಿದ್ದ ಮನೆಯ ಯಜಮಾನರಿಗೂ ಒಂದು ತೋಟವಿತ್ತು. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಸಂಜೆ ರೇಡಿಯೋದಲ್ಲಿ ಆ ಪ್ರದೇಶದ ಹವಾಮಾನ ಮುನ್ಸೂಚನೆ ಬರುವ ಹೊತ್ತಿಗೆ ಎದುರಿಗೆ ಯಾರೇ ಇದ್ದರೂ ಕೈಯೆತ್ತಿ ಸುಮ್ಮನಾಗಿಸುತ್ತಿದ್ದರು. ನನ್ನ ತಂದೆಯ ಕೈ ಕೂಡ ಹೀಗೇ ಏಳುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಆ ಮುನ್ಸೂಚನೆಯ ಮಾತು ಹೆಚ್ಚುಕಡಿಮೆ ಒಂದೇ: ಹಗಲು ಬಿಸಿಲು ಮೋಡ, ಕೆಲವೆಡೆ ಬಿಟ್ಟು ಬಿಟ್ಟು ಮಳೆ, ಸಣ್ಣ ಆಲಿಕಲ್ಲು, ರಾತ್ರಿ ಆಕಾಶ ತಿಳಿಯಾಗಿ ಕನಿಷ್ಠ ಉಷ್ಣಾಂಶ 2 ಡಿಗ್ರಿ, ತಗ್ಗಿನಲ್ಲಿ ‘ಬೋಡನ್‌ಫ್ರಾಸ್ಟ್’. ಈ ಕೊನೆಯ ಪದಕ್ಕೆ ನನ್ನಲ್ಲಿ ಕನ್ನಡವಿರಲಿಲ್ಲ. ಇಬ್ಬನಿ ಗೊತ್ತು, ಮಂಜು ಗೊತ್ತು. ಇಬ್ಬನಿ ಬೀಳುವ ಹೊತ್ತಿಗೆ ಹುಲ್ಲಿನ ಮೇಲೆಯೇ ಬಿಳಿಯ ಉಪ್ಪಿನ ಪುಡಿಯಂತೆ ಹೆಪ್ಪುಗಟ್ಟುವುದನ್ನು ನಮ್ಮ ಬಯಲಿನವರು ಕಾಣುವುದಿಲ್ಲ. ‘ನೆಲಹಿಮ’ ಎಂದು ನನಗೆ ನಾನೇ ಹೇಳಿಕೊಂಡೆ. 2 ಡಿಗ್ರಿ ಇರುವಾಗ ಹೆಪ್ಪುಗಟ್ಟುವುದು ಹೇಗೆಂದು ಕೇಳಿದಾಗ ಯಜಮಾನರು ತಮ್ಮ ಎದೆಯ ಎತ್ತರಕ್ಕಿಂತ ಮೇಲೆ ಕೈ ಹಿಡಿದು, ‘ಅವರು ಅಳೆಯುವುದು ಇಲ್ಲಿ’ ಎಂದರು. ಆಮೇಲೆ ಬಗ್ಗಿ ಹುಲ್ಲು ಮುಟ್ಟಿ, ‘ಚಳಿ ಮಲಗುವುದು ಇಲ್ಲಿ’ ಎಂದರು. ಗಾಳಿಯ ಉಷ್ಣಾಂಶವನ್ನು ನೆಲದಿಂದ 2 ಮೀಟರ್ ಮೇಲೆ ಅಳೆಯುತ್ತಾರೆ. ನೆಲಹಿಮದ ಅಳತೆ ನೆಲದಿಂದ 5 ಸೆಂಟಿಮೀಟರ್ ಎತ್ತರದ್ದು. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಈ ಎರಡರ ನಡುವೆ ಮೂರು ನಾಲ್ಕು ಡಿಗ್ರಿ ವ್ಯತ್ಯಾಸವಾಗುವುದು ಮಾಮೂಲು.

ಹಗಲಿನ ಮಳೆ, ರಾತ್ರಿಯ ಹಿಮ ಎರಡೂ ಒಂದೇ ತಾಯಿಯ ಮಕ್ಕಳು. ಧ್ರುವದ ಕಡೆಯಿಂದ ತಣ್ಣನೆಯ ಗಾಳಿ ದಕ್ಷಿಣಕ್ಕೆ ಇಳಿದು ಬರುತ್ತದೆ. ಆದರೆ ಏಪ್ರಿಲ್ ಸೂರ್ಯ ಆಗಲೇ ಬಲವಾಗಿರುತ್ತಾನೆ, ನೆಲ ಕಾಯುತ್ತದೆ. ನೆಲಕ್ಕೆ ತಾಗಿದ ಗಾಳಿ ಬೆಚ್ಚಗಾಗಿ, ಮೇಲಿನ ತಣ್ಣನೆಯ ಗಾಳಿಯನ್ನು ಸೀಳಿಕೊಂಡು ಏರುತ್ತದೆ. ಮಧ್ಯಾಹ್ನಕ್ಕೆ ಹೂಕೋಸಿನಂಥ ಮೋಡಗಳು, ಹತ್ತು ನಿಮಿಷದ ಮಳೆ, ಮತ್ತೆ ಬಿಸಿಲು. ಒಂದು ಬೀದಿ ಒದ್ದೆ, ಪಕ್ಕದ ಬೀದಿ ಒಣ. ಏಪ್ರಿಲ್ ತಿಂಗಳು ತನಗೆ ಬೇಕಾದಂತೆ ಕುಣಿಯುತ್ತದೆ ಎಂದು ಅವರಲ್ಲೊಂದು ಗಾದೆಯೂ ಇದೆ. ಸೂರ್ಯ ಮುಳುಗಿದಾಗ ಏರುವ ಗಾಳಿ ನಿಲ್ಲುತ್ತದೆ, ಮೋಡ ಕರಗುತ್ತದೆ. ಮೋಡ ಭೂಮಿಗೆ ಹೊದಿಕೆ. ಮೋಡ ಕವಿದ ರಾತ್ರಿಯ ಸೆಕೆ ನಮಗೂ ಗೊತ್ತು. ಹೊದಿಕೆ ಸರಿದ ನೆಲ ತನ್ನ ಕಾವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ, ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಮಳೆ ನಿಂತು ನಕ್ಷತ್ರ ಹೊಳೆಯುವ ರಾತ್ರಿಯನ್ನು ಊರೆಲ್ಲ ಚೆಂದವೆಂದು ನೋಡಿದರೆ, ತೋಟದವರಿಗೆ ಅದೇ ಹೆದರಿಕೆಯ ರಾತ್ರಿ.

2017ರ ಏಪ್ರಿಲ್‌ನಲ್ಲಿ ಅಂಥ ರಾತ್ರಿಯೊಂದನ್ನು ಅವರೊಂದಿಗೆ ಕಳೆದೆ. ಆ ವರ್ಷದ ಮಾರ್ಚ್, ಜರ್ಮನಿಯಲ್ಲಿ 1881ರಿಂದ ಅಳೆದ ಮಾರ್ಚ್‌ಗಳಲ್ಲೆಲ್ಲ ಅತಿ ಬೆಚ್ಚನೆಯದಾಗಿತ್ತು. ಮರಗಳು ಮೋಸ ಹೋಗಿ ವಾಡಿಕೆಗಿಂತ ಮುಂಚೆಯೇ ಹೂಬಿಟ್ಟಿದ್ದವು. ಈಸ್ಟರ್ ಮುಗಿದ ವಾರ ಮಳೆ, ಹಿಮ ಬೆರೆತು ಬಿದ್ದವು. ಮರುದಿನ ಸಂಜೆ ಆಕಾಶ ತೊಳೆದಿಟ್ಟಂತೆ ತಿಳಿಯಾಯಿತು. ರೇಡಿಯೋ ಈ ಸಲ ನೆಲಹಿಮ ಎನ್ನಲಿಲ್ಲ. ಗಾಳಿಯೇ ಸೊನ್ನೆಗಿಂತ ಕೆಳಗಿಳಿಯಲಿದೆ ಎಂದಿತು.

ಅರಳಿದ ಸೇಬಿನ ಹೂವು ಮೈನಸ್ 2 ಡಿಗ್ರಿಯ ಆಸುಪಾಸಿನವರೆಗೆ ತಡೆಯುತ್ತದೆ. ಮೈನಸ್ 4ಕ್ಕೆ ಹೋದರೆ ಹತ್ತರಲ್ಲಿ ಒಂಬತ್ತು ಸಾಯುತ್ತವೆ. ಈ ಎರಡು ಡಿಗ್ರಿಯ ನಡುವೆ ಮನುಷ್ಯ ಮಾಡಬಹುದಾದದ್ದು ಒಂದಿಷ್ಟಿದೆ. ನೀರಿನ ಅನುಕೂಲವಿರುವ ತೋಟದವರು ಸ್ಪ್ರಿಂಕ್ಲರ್ ತಿರುಗಿಸಿ ಹೂವಿನ ಮೇಲೆ ರಾತ್ರಿಯಿಡೀ ನೀರು ಚಿಮುಕಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಕಾವು ಬಿಡುತ್ತದೆ, ಒಂದು ಗ್ರಾಮಿಗೆ 80 ಕ್ಯಾಲರಿಯಷ್ಟು. ಹೊರಗೆ ಮಂಜುಗಡ್ಡೆ ಬೆಳೆಯುತ್ತಿರುವಷ್ಟು ಹೊತ್ತು ಒಳಗಿನ ಹೂವು ಸೊನ್ನೆಯ ಹತ್ತಿರವೇ ಉಳಿಯುತ್ತದೆ. ನಡುವೆ ನೀರು ನಿಂತರೆ ಕೆಲಸ ಕೆಟ್ಟಿತು. ನಮ್ಮ ತೋಟಗಳಲ್ಲಿ ಹೂವು ಅರಳಿಸಲು ತಿರುಗುವ ಯಂತ್ರ ಅಲ್ಲಿ ಅರಳಿದ ಹೂವನ್ನು ಮಂಜುಗಡ್ಡೆಯೊಳಗಿಟ್ಟು ಕಾಯುತ್ತಿತ್ತು.

ನಮ್ಮ ಯಜಮಾನರಿಗೆ ಅಷ್ಟು ನೀರಿರಲಿಲ್ಲ. ಅವರು ಪ್ಯಾರಫಿನ್ ಮೇಣ ತುಂಬಿದ ತಗಡಿನ ಡಬ್ಬಿಗಳನ್ನು ತರಿಸಿದ್ದರು. ಹೆಕ್ಟೇರಿಗೆ ಮುನ್ನೂರರಷ್ಟು ಬೇಕು, ದುಬಾರಿ. ಇದ್ದಷ್ಟನ್ನು ಎಲ್ಲಿಡುವುದೆಂದು ಅವರು ಹೆಚ್ಚು ಯೋಚಿಸಲಿಲ್ಲ. ‘ಕೆಳಗಿನ ಪಟ್ಟಿ ಹೇಗೂ ಉಳಿಯುವುದಿಲ್ಲ, ಮೇಲಿನ ಇಳಿಜಾರಿಗೆ ಇಡೋಣ’ ಎಂದರು. ಕೆಳಗಿನ ಪಟ್ಟಿ ಅವರ ತಂದೆಯ ಕಾಲದ್ದು. ರಾತ್ರಿ ಒಂದು ಗಂಟೆಗೆ ನೆರೆಯವರಿಬ್ಬರೂ ಬಂದರು. ನಾಲ್ಕು ಮಂದಿ ಸಾಲು ಹಿಡಿದು ಡಬ್ಬಿಗಳನ್ನು ಹೊತ್ತಿಸಿದೆವು. ಸಾಲು ದೀಪದ ನಡುವೆ ಬಿಳಿಯ ಹೂವಿನ ಮರಗಳು. ದೂರದಿಂದ ನೋಡಿದವರಿಗೆ ಯಾವುದೋ ಉತ್ಸವದಂತೆ ಕಂಡಿರಬೇಕು. ಚಳಿ ಕಡುವಾಗುವುದು ಬೆಳಗಿನ ಜಾವಕ್ಕೆ, ಸೂರ್ಯ ಮೂಡಿದ ಮೇಲೂ ಸ್ವಲ್ಪ ಹೊತ್ತಿನವರೆಗೆ. ಅಲ್ಲಿಯತನಕ ಯಾರೂ ಹೆಚ್ಚು ಮಾತನಾಡಲಿಲ್ಲ.

ಬೆಳಿಗ್ಗೆ ಕೆಳಗಿನ ಪಟ್ಟಿಯ ಹೂವುಗಳು ಎಂದಿನಂತೆ ಬೆಳ್ಳಗೇ ಇದ್ದವು. ನನಗೆ ಸಮಾಧಾನವಾಯಿತು. ಯಜಮಾನರು ಒಂದು ಹೂವನ್ನು ಕಿತ್ತು ಚಾಕುವಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಎಸಳು ಬಿಳಿ, ನಡುವಿನ ಕಾಯಿ ಕಚ್ಚುವ ಭಾಗ ಕರ್ರಗಾಗಿತ್ತು. ಹತ್ತು ಹೂವು ಸೀಳಿದರು, ಹತ್ತೂ ಹಾಗೆಯೇ. ಮೇಲಿನ ಇಳಿಜಾರಿನಲ್ಲಿ ಅರ್ಧಕ್ಕರ್ಧ ಹಸಿರಾಗಿ ಉಳಿದಿತ್ತು. ‘ಮುನ್ಸೂಚನೆ ಸರಿಯಾಗಿತ್ತು’ ಎಂದಷ್ಟೇ ಹೇಳಿ ಚಾಕು ಮಡಚಿದರು. ಆ ಮಾತಿನಲ್ಲಿ ಹತಾಶೆಯಿರಲಿಲ್ಲ. ಆ ಒಂದು ಸಾಲು ರೇಡಿಯೋದಲ್ಲಿ ಬಾರದಿದ್ದರೆ ಮೇಲಿನ ಅರ್ಧವೂ ಇರುತ್ತಿರಲಿಲ್ಲ.

2016ರಲ್ಲಿ ಜರ್ಮನಿಯ ಸೇಬಿನ ಬೆಳೆ ಹತ್ತು ಲಕ್ಷ ಟನ್ ದಾಟಿತ್ತು. 2017ರಲ್ಲಿ ಆರು ಲಕ್ಷ ಟನ್ನಿನಷ್ಟಕ್ಕೆ ಇಳಿಯಿತು. ಭೂಮಿ ಬಿಸಿಯಾಗುತ್ತಿದ್ದರೆ ಹಿಮದ ಭಯ ಕಡಿಮೆಯಾಗಬೇಕಲ್ಲ ಎಂದು ಕೇಳುವವರಿದ್ದಾರೆ. ಹಿಮ ಬೀಳುವ ರಾತ್ರಿಗಳು ಕಡಿಮೆಯಾಗುತ್ತಿವೆ ನಿಜ, ಹೂವು ಅದಕ್ಕಿಂತ ಬೇಗ ಮುಂದಕ್ಕೆ ಬರುತ್ತಿದೆ. ಮೊದಲಾದರೆ ಏಪ್ರಿಲ್ ನಡುವಿನ ಹಿಮ ಬಿಗಿದ ಮೊಗ್ಗಿನ ಮೇಲೆ ಬೀಳುತ್ತಿತ್ತು, ಈಗ ಅರಳಿದ ಹೂವಿನ ಮೇಲೆ ಬೀಳುತ್ತದೆ. 2024ರ ಮಾರ್ಚ್ 2017ರ ದಾಖಲೆಯನ್ನೂ ಮುರಿಯಿತು. ಅದೇ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಹಿಮ ಬಂದು ಜರ್ಮನಿಯ ಅನೇಕ ಕಡೆ ದ್ರಾಕ್ಷಿ, ಹಣ್ಣಿನ ತೋಟಗಳನ್ನು ಸುಟ್ಟಿತು. ಮೇ 15ರ ಸೋಫಿಯಾ ಸಂತಳ ದಿನ ಕಳೆಯದೆ ಎಳೆಯ ಸಸಿಗಳನ್ನು ಹೊರಗೆ ನೆಡಬೇಡ ಎಂಬುದು ಅಲ್ಲಿಯ ಹಿರಿಯರ ಮಾತು. ನಮ್ಮವರು ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಯನ್ನು ಎಣಿಸಿದ ಹಾಗೆಯೇ ಇದು. ಸಸಿಯನ್ನು ಒಳಗಿಟ್ಟು ಕಾಯಬಹುದು. ಮರಕ್ಕೆ ಹೇಳುವವರು ಯಾರು?

2017ರ ನಷ್ಟಕ್ಕೆ ಅಲ್ಲಿಯ ರಾಜ್ಯ ಸರ್ಕಾರ ತೋಟದವರಿಗೆ ಪರಿಹಾರ ಕೊಟ್ಟಿತು. ಒಳ್ಳೆಯದೇ. ಆದರೆ ಸೇಬು ಕೀಳುವವರು ಬೇರೆ ಜನ. ಕೊಯ್ಲಿನ ಕಾಲಕ್ಕೆ ಪೋಲೆಂಡ್, ರೊಮೇನಿಯಾಗಳಿಂದ ಬಂದು ಆರೆಂಟು ವಾರ ದುಡಿದು, ಅದೇ ಹಣದಲ್ಲಿ ಊರಿನಲ್ಲಿ ವರ್ಷದ ಖರ್ಚು ತೂಗಿಸುವವರು. ಹೂವು ಸತ್ತರೆ ಹಣ್ಣಿಲ್ಲ, ಹಣ್ಣಿಲ್ಲದಿದ್ದರೆ ಕೂಲಿಯಿಲ್ಲ. ಹೂಮಳೆ ಕೈಕೊಟ್ಟ ವರ್ಷ ಕಾಫಿ ಹಣ್ಣು ಕೀಳಲು ಬರುವವರು ನಮ್ಮ ಲೈನು ಮನೆಗಳಿಂದ ಬೇಗನೆ ಗಂಟು ಕಟ್ಟುವುದನ್ನು ನೋಡಿದವನಾದ್ದರಿಂದ ಇದು ನನಗೆ ಹೊಸದಾಗಿರಲಿಲ್ಲ. ಬೆಳೆ ನಷ್ಟದ ಪಟ್ಟಿಗಳಲ್ಲಿ ಎಕರೆಗಳಿರುತ್ತವೆ, ಟನ್ನುಗಳಿರುತ್ತವೆ. ಕೆಲಸ ಸಿಗದೆ ಹೋದ ದಿನಗಳಿಗೆ ಅಲ್ಲಿ ಕಾಲಂ ಇರುವುದಿಲ್ಲ.

ಆ ಹಿಮದ ರಾತ್ರಿ ಕಳೆದು ಎರಡು ದಿನಕ್ಕೆ ಮನೆಯ ಯಜಮಾನರಿಗೆ ರೊಮೇನಿಯಾದಿಂದ ಒಂದು ಫೋನು ಬಂತು. ಪ್ರತಿವರ್ಷ ಗಂಡನೊಂದಿಗೆ ಕೊಯ್ಲಿಗೆ ಬರುತ್ತಿದ್ದ ಹೆಂಗಸು. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಕೂತು ಆಕೆ ಏಪ್ರಿಲ್ ಉದ್ದಕ್ಕೂ ಈ ಸರೋವರ ಸೀಮೆಯ ಹವಾಮಾನವನ್ನೇ ಮೊಬೈಲಿನಲ್ಲಿ ನೋಡುತ್ತಿದ್ದಳಂತೆ. ‘ಈ ಸಲ ಇಬ್ಬರೂ ಬರೋದೋ, ಒಬ್ಬರೇ ಸಾಕೋ?’ ಎಂದು ಕೇಳಿದಳು. ಯಜಮಾನರು ಕಿಟಕಿಯಾಚೆಯ ಇಳಿಜಾರನ್ನು ಬಹಳ ಹೊತ್ತು ನೋಡಿ, ‘ಇನ್ನೂ ಹೇಳಲಾರೆ, ಕಾಯಿ ಕಚ್ಚಲಿ’ ಎಂದರು.